ಶಾಲೆಯಲ್ಲ, ಸಾಲಿ

ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಅಷ್ಟೂ ವರ್ಷ ನನ್ನ ಕೆಂಪು ಪೆನ್ನು ಮಾಡಿದ ಮುಖ್ಯ ಕೆಲಸವೆಂದರೆ ಮಕ್ಕಳು 'ಸಾಲಿ' ಎಂದು ಬರೆದಲ್ಲೆಲ್ಲ ಗೀಟು ಎಳೆದು ಮೇಲೆ 'ಶಾಲೆ' ಎಂದು ಬರೆಯುವುದು, 'ಮನಿ' ಇದ್ದದ್ದನ್ನು 'ಮನೆ' ಮಾಡುವುದು. ಬನಹಟ್ಟಿಯ ಹುಡುಗ ಹುಡುಗಿಯರು ಬಾಯಲ್ಲಿ ಏನೇ ಅನ್ನಲಿ, ಹಾಳೆಯ ಮೇಲೆ ಮೈಸೂರಿನವರಾಗಬೇಕು. ಅದಕ್ಕೇ ನನಗೆ ಸಂಬಳ. ಹಾಗಂತ ನಾನೇನು ಬೇರೆಯಲ್ಲ. ದಿನಾ ಬೆಳಿಗ್ಗೆ ಜಮಖಂಡಿಯ ಮನೆಯ ಹೊಸ್ತಿಲು ದಾಟುವಾಗ "ಸಾಲಿಗಿ ಹೊಂಟೆ" ಎಂದು ಕೂಗಿಯೇ ಬಸ್ ಹಿಡಿಯಲು ಓಡುತ್ತೇನೆ.

ಆ ಒಂದು ಪದ ಒಬ್ಬ ಹುಡುಗಿಯ ಹತ್ತನೇ ಇಯತ್ತೆಯನ್ನು ನುಂಗಲು ಬಂದದ್ದು ಹೋದ ವರ್ಷ.

ಇಲಾಖೆಯವರು ತಪಾಸಣೆಗೆ ಬರುತ್ತಾರೆಂದು ಶಾಲೆಯ ಮುಂಗೋಡೆಗೆ ಹೊಸದಾಗಿ ನೀಲಿ ಬಣ್ಣ ಹೊಡೆಸಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ 'ಸ್ವಚ್ಛ ಶಾಲೆ, ಸುಂದರ ಶಾಲೆ' ಎಂದು ಬರೆಸಿದ್ದರು. ಸೋಮವಾರ ಬಂದು ನೋಡಿದರೆ ಅದರ ಕೆಳಗೆ ಇದ್ದಿಲಿನಲ್ಲಿ, ಮೊಳದುದ್ದದ ಅಕ್ಷರಗಳಲ್ಲಿ, ಇನ್ನೊಂದು ಸಾಲು ಕುಳಿತಿತ್ತು:

"ಸ್ವಚ್ಛ ಸಾಲಿ ಖರೆ, ಹುಡುಗ್ಯಾರ ಪಾಯಖಾನಿಗಿ ಕೀಲಿ ಯಾಕ?"

ಓದಿದವಳೇ ನಾನು ತಲೆ ತಗ್ಗಿಸಿದೆ. ಶಾಲೆಯ ಹಿಂದೆ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಶೌಚಾಲಯವಿದೆ. ಅದರ ಬಾಗಿಲಿಗೆ ಆಗ ಸದಾ ಬೀಗ, ಹಿತ್ತಾಳೆಯ ಕೀಲಿ. ಹುಡುಗಿಯರು ಬಳಸಿದರೆ ಹೊಲಸಾಗುತ್ತದೆ, ಸಾಹೇಬರು ಬಂದಾಗ ತೋರಿಸಲು ಆಗುವುದಿಲ್ಲ ಎಂಬ ಲೆಕ್ಕ. ಕೀಲಿಕೈ ಶಿಕ್ಷಕರ ಕೋಣೆಯ ಮೊಳೆಯಲ್ಲಿ ತೂಗುತ್ತಿತ್ತು. ನಾವು ಮೂವರು ಶಿಕ್ಷಕಿಯರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದೆವು, ಬಂದು ಮತ್ತೆ ತೂಗುಹಾಕುತ್ತಿದ್ದೆವು. ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯ ಗಂಟೆ ಹೊಡೆಯುವವರೆಗೆ ನೀರು ಕುಡಿಯದೆ ಕೂತಿರುತ್ತಿದ್ದರು. ಬೇಸಿಗೆಯಲ್ಲಿ ಅವರ ಬಾಟಲಿಗಳು ತುಂಬಿದ ಹಾಗೇ ಮನೆಗೆ ವಾಪಸು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ಸುಮ್ಮನಿದ್ದೆ. ಈ ಮಾತು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಮುಖ್ಯೋಪಾಧ್ಯಾಯರು ಹುನ್ನೂರ ಕಡೆಯವರು, ಒಕ್ಕಲುತನದ ಮನೆಯಿಂದ ಓದಿ ಮೇಲೆ ಬಂದವರು. ಕೆಟ್ಟವರಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗೋಡೆಯ ಮುಂದೆ ನಿಂತು ಎರಡು ಸಲ ಓದಿದರು. ಕೀಲಿಯ ಬಗ್ಗೆ ಅವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ಅಕ್ಕಾರ, ಇಲ್ಲಿ ನೋಡ್ರಿ," ಎಂದು ನನ್ನನ್ನು ಕರೆದು 'ಸಾಲಿ' ಎಂಬ ಪದದ ಮೇಲೆ ಬೆರಳಿಟ್ಟರು. "ಶಾಲೆ ಅಂತ ಬರ್ಯಾಕ ಬಾರದಾಕಿ ಯಾರದಾಳ ನಿಮ್ಮ ಕ್ಲಾಸಿನ್ಯಾಗ? ಆಕಿನ ಕಳ್ಳಿ. ಒಂದು ಉಕ್ತಲೇಖನ ತಗೋರಿ, ಸಿಗತಾಳ."

ಹೇಳಿದ್ದನ್ನು ಕೇಳಿ ಬರೆಯುವ ಉಕ್ತಲೇಖನ ನನ್ನ ಪ್ರೀತಿಯ ಪಾಠ. ಅದನ್ನು ಪೊಲೀಸ್ ಕೆಲಸಕ್ಕೆ ಹಚ್ಚಲು ನಾನು ಒಪ್ಪಲಿಲ್ಲ. "ನನ್ನಿಂದ ಆಗಾಂಗಿಲ್ರಿ ಸರ," ಎಂದೆ. "ನಾನ ತಗೋತೇನಿ ಬಿಡ್ರಿ," ಎಂದು ಅವರೇ ಹತ್ತನೇ ಇಯತ್ತೆಯೊಳಗೆ ನುಗ್ಗಿದರು. ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರನ್ನಷ್ಟೇ ಕೂರಿಸಿದರು. ನಾನು ಬಾಗಿಲಲ್ಲಿ ನಿಂತೆ.

ಮೊದಲ ವಾಕ್ಯವನ್ನು ಚೀಟಿ ನೋಡಿ ಓದಿದರು, ರೇಡಿಯೋದವರ ಹಾಗೆ: "ನಮ್ಮ ಶಾಲೆಯು ಸುಂದರವಾಗಿದೆ." ಎಲ್ಲರೂ ಬರೆದರು. ಆಮೇಲೆ ಗೋಡೆಯ ನೆನಪಾಗಿ ಸಿಟ್ಟು ನೆತ್ತಿಗೇರಿತು. ಚೀಟಿಯನ್ನು ಕಿಸೆಗೆ ತುರುಕಿ ಗುಡುಗಿದರು: "ಬರೀರಿ! ಸಾಲಿ ಗ್ವಾಡಿ ಹೊಲಸ ಮಾಡೋದು ದೊಡ್ಡ ತಪ್ಪೈತಿ!"

ಹುಡುಗಿಯರು ನಾನು ಕಲಿಸಿದ ಹಾಗೆ ಕಿವಿಗೆ ಬಿದ್ದದ್ದನ್ನು ಗ್ರಂಥದ ಭಾಷೆಗೆ ತಿರುಗಿಸಿ 'ಶಾಲೆಯ ಗೋಡೆ ಹೊಲಸು ಮಾಡುವುದು ದೊಡ್ಡ ತಪ್ಪು' ಎಂದು ಬರೆದರು. ಕಿಟಕಿಯ ಬದಿಯಲ್ಲಿ ಕೂರುವ ಒಬ್ಬಳು ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಸಾಲಿ. ಗ್ವಾಡಿ. ತಪ್ಪೈತಿ.

"ಸಿಕ್ಕಳು!" ಎಂದು ಮುಖ್ಯೋಪಾಧ್ಯಾಯರು ಹಾಳೆಯನ್ನು ಎತ್ತಿ ಹಿಡಿದರು. ಅವಳನ್ನು ಏನನ್ನೂ ಕೇಳಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು, ಅವರು ಟಿಸಿ ಕೊಟ್ಟು ಕಳಿಸುತ್ತೇನೆ ಎಂದರು.

ಮರುದಿನ ಅವಳ ತಾಯಿ ಬಂದಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳೇನೋ, ತಲೆಗೂದಲ ತುಂಬ ನೂಲಿನ ಜುಂಗು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಟಿಸಿ ತೆಗೆದುಕೊಂಡು ಮನೆಗೆ ಹೋದರೆ ಹುಡುಗಿಯ ಕೈಗೂ ಕಂಡಿಕೆಯೇ ಬರುತ್ತದೆ, ಆಮೇಲೆ ಮದುವೆ. ಅದು ತಾಯಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವಳು ಕಾಲಿಗೆ ಬೀಳುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ನನ್ನ ಮಗಳು ಬರದಾಳೋ ಇಲ್ಲೋ ನನಗ ಗೊತ್ತಿಲ್ರಿ," ಎಂದಳು. "ಬರದಿದ್ರ ಆಕಿ ಕೈಲೇನ ತೊಳಸ್ರಿ. ಆದ್ರ ಅಲ್ಲಿ ಕೀಲಿ ಐತೋ ಇಲ್ಲೋ? ಅದನ್ನ ಹೇಳ್ರಿ ಮೊದ್ಲ."

ಮುಖ್ಯೋಪಾಧ್ಯಾಯರು ಮೇಜಿನ ಮೇಲಿನ ರಿಜಿಸ್ಟರು ತಿರುವತೊಡಗಿದರು. ನನ್ನ ಮೈಯೆಲ್ಲ ಉರಿಯಿತು. ಅದರ ಹಿಂದಿನ ವರ್ಷ ಕ್ರಿಕೆಟ್ ಗೆದ್ದ ಹುರುಪಿನಲ್ಲಿ ನಮ್ಮ ಗಂಡುಹುಡುಗರು ಎರಡು ಬೆಂಚು ಮುರಿದು ಕಿಟಕಿಯ ಗಾಜು ಪುಡಿ ಮಾಡಿದ್ದರು. "ಹುಡುಗರು, ಖುಷಿಯೊಳಗ ಮಾಡ್ಯಾರ," ಎಂದು ಪೇಢೆ ಹಂಚಿ ಮುಗಿಸಿದ್ದೆವು. ಅವತ್ತು ಯಾರಿಗೂ ಉಕ್ತಲೇಖನ ಇರಲಿಲ್ಲ. ಬೆಂಚು ಮುರಿದರೆ ಖುಷಿ, ಪ್ರಶ್ನೆ ಕೇಳಿದರೆ ಟಿಸಿ. ಇದ್ಯಾವ ಸೀಮೆಯ ಶಿಸ್ತು?

ಮಧ್ಯಾಹ್ನ ಶಿಕ್ಷಕರ ಸಭೆ ಕರೆದರು. ಟಿಸಿಗೆ ನಮ್ಮೆಲ್ಲರ ಒಪ್ಪಿಗೆ ಇದೆಯೆಂದು ಸಹಿ ಹಾಕಬೇಕಿತ್ತು. ಹಾಳೆ ಸುತ್ತಿ ಸುತ್ತಿ ನನ್ನ ಮುಂದೆ ಬಂತು. ನಾನು ಪೆನ್ನಿನ ಬದಲು ಸೀಮೆಸುಣ್ಣ ಹಿಡಿದು, ವೇಳಾಪಟ್ಟಿ ಬರೆಯುವ ಕರಿಹಲಗೆಯ ಹತ್ತಿರ ಹೋಗಿ ನಿಂತೆ.

"ಸರ, ನಮಗೂ ಒಂದು ಉಕ್ತಲೇಖನ ಕೊಡ್ರಿ. ನೀವು ಹೇಳ್ರಿ, ನಾ ಬರೀತೇನಿ."

"ಏನ್ರಿ ಚಾಷ್ಟಿ ಹಚ್ಚೀರಿ?" ಎಂದು ಅವರು ಮೇಜು ಕುಟ್ಟಿದರು. "ನನ್ನ ಸಾಲ್ಯಾಗ ಇಂಥಾದ್ದು ನಡ್ಯಾಂಗಿಲ್ಲ!"

ನಾನು ದುಂಡಗೆ ಬರೆದೆ: ನನ್ನ ಸಾಲ್ಯಾಗ ಇಂಥಾದ್ದು ನಡ್ಯಾಂಗಿಲ್ಲ.

"ಸರ," ಎಂದೆ, "ಕಳ್ಳರು ಈಗ ಇಬ್ಬರಾದ್ರು. ಟಿಸಿ ಯಾರಿಗಿ ಬರೀಲಿ?"

ದೈಹಿಕ ಶಿಕ್ಷಣದ ಮಾಸ್ತರರು ನಗು ತಡೆಯಲಾಗದೆ ಕೆಮ್ಮು ಬಂದಂತೆ ಮಾಡಿ ಹೊರಗೆ ಹೋದರು. ಮುಖ್ಯೋಪಾಧ್ಯಾಯರು ಹಲಗೆ ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಗಾಗಿತ್ತು. ಕೊನೆಗೆ ಒಪ್ಪಿಗೆಯ ಹಾಳೆಯನ್ನು ಹರಿದು, "ಟಿಸಿ ಬ್ಯಾಡ. ಗ್ವಾಡಿ ತೊಳೀಲಿ. ಶುದ್ಧ ಕನ್ನಡದಾಗ ಕ್ಷಮಾಪಣಿ ಬರದು ಕೊಡ್ಲಿ. ಅಕ್ಕಾರ, ನೀವ ತಿದ್ದಿ ತರ್ರಿ," ಎಂದರು.

ಹುಡುಗಿ ಬಕೆಟ್ಟು ಹಿಡಿದು ಗೋಡೆ ತೊಳೆದಳು. ಅವಳು ಬರೆದಿದ್ದರೆ ಅವಳೇ ತೊಳೆಯುವುದು ನ್ಯಾಯ, ಅದಕ್ಕೆ ನನ್ನ ತಕರಾರಿರಲಿಲ್ಲ. ತೊಳೆದು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಪತ್ರ ತಂದು ನನ್ನ ಮುಂದಿಟ್ಟಳು.

"ಮಾನ್ಯರೇ, ಶಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದವಳು ನಾನೇ. ನನ್ನನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಗೋಡೆಯ ಮೇಲೆ ಬರೆದದ್ದು ತಪ್ಪು, ಕ್ಷಮಿಸಬೇಕು. ಬರದದ್ದು ಖರೆ ಐತಿ."

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಮೊದಲಿನ ಮೂರು ವಾಕ್ಯಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. 'ಶಾಲೆ' ಬರೆಯಲು ಬರುತ್ತಿತ್ತು ಅವಳಿಗೆ, ಮೊದಲಿನಿಂದಲೂ ಬರುತ್ತಿತ್ತು. ಕೊನೆಯ ವಾಕ್ಯವನ್ನು ಬೇಕೆಂದೇ ನಮ್ಮ ಮಾತಿನಲ್ಲಿ ಬಿಟ್ಟಿದ್ದಳು. ತಿದ್ದುತ್ತೇನೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಡ್ ಮಾಸ್ತರ್ರಿಗಿ ಇದನ್ನ ಕೊಡ್ಲೇನ್ರಿ, ಅಕ್ಕಾರ?"

"ಕೊಡು," ಎಂದು ಪೆನ್ನು ಮುಚ್ಚಿದೆ.

ಅವಳು ಹೋದ ಮೇಲೆ ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಶಾಲೆಯ ಹಿಂದಕ್ಕೆ ಹೋದೆ. ಈ ಸಲ ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಬಾಗಿಲು ತೆಗೆದು, ಕೀಲಿಯನ್ನು ಕೊಂಡಿಯಿಂದ ಕಳಚಿ, ಬ್ಯಾಗಿಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಮರುದಿನ ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ಕಾದಿದ್ದರು. ಹುಡುಗಿಯ ಪತ್ರ ಅವರ ಕಿಸೆಯಿಂದ ಇಣುಕುತ್ತಿತ್ತು.

"ಅಕ್ಕಾರ, ಪಾಯಖಾನಿ ಕೀಲಿ ಎಲ್ಲೈತಿ?"

"ನಾ ಒಯ್ದೇನ್ರಿ ಸರ. ವಾಪಸ್ ತರಾಂಗಿಲ್ಲ," ಎಂದೆ. "ಸಾಲಿ ಸಾಮಾನು ಹಾಳ ಮಾಡೀನಿ ಅಂತ ಟಿಸಿ ಬರೀರಿ. ಯಾರ ಬರದ್ರಂತ ಹುಡುಕೋದ ಬ್ಯಾಡ, ನಾನ ಹೇಳಾಕತ್ತೇನಿ."