ಕೆಸರಿನೊಳಗಿನ ಸುಂಕು

ನನ್ನ ಕೆಲಸ ಏನೆಂದು ಕೇಳಿದವರಿಗೆ ‘ಪರಾಗ’ ಎಂದು ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಪದ ಕೇಳಿದರೆ ಜನ ಮರ್ಯಾದೆಗೆ ತಲೆಯಾಡಿಸುತ್ತಾರೆ, ಅಷ್ಟೇ. ಹೂವಾಡಿದ ಜೋಳದ ಹೊಲದಲ್ಲಿ ನಡೆದರೆ ಕುತ್ತಿಗೆಗೆ ಹತ್ತಿ ತುರಿಸುವ ಪುಡಿ ಇದೆಯಲ್ಲ, ನಮ್ಮ ಕಡೆ ಅದಕ್ಕೆ ಸುಂಕು ಎನ್ನುತ್ತಾರೆ. ನೂರಾರು ವರ್ಷ ಹಳೆಯ ಸುಂಕು ಕೆರೆಯ ಕೆಸರಿನಲ್ಲಿ ಕೆಡದೆ ಕೂತಿರುತ್ತದೆ. ಯಾವ ಪದರದಲ್ಲಿ ಯಾವ ಗಿಡದ್ದು ಎಷ್ಟಿದೆ ಎಂದು ಎಣಿಸಿದರೆ, ಆ ಕಾಲದ ಮಳೆ ಹೇಗಿತ್ತು ಎಂದು ಅಂದಾಜು ಹೇಳಬಹುದು. ನನ್ನ ಅನ್ನ ಇದರಲ್ಲೇ.

ಒಂದೇ ತೊಡಕು. ಕೆಸರು ಒಮ್ಮೆ ಒಣಗಿ ಬಿರಿಯಿತೆಂದರೆ ಸುಂಕು ಉಳಿಯುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಮೂರು ವರ್ಷ ಕೆರೆ ಕೆರೆ ತಿರುಗಿದೆ, ಎಲ್ಲವೂ ಒಣಗಿದ್ದವೇ. ಕೊನೆಗೆ ಮೋರಖಂಡಿಯ ಆಚೆ ಒಂದು ಸಣ್ಣ ಕೆರೆಯ ನಡುವೆ ಎಂದೂ ಬತ್ತದ ಮಡುವೊಂದು ಸಿಕ್ಕಿತು. ಆದರೆ ಅದೇ ವಾರ ಊರವರು ಹೊಲಕ್ಕೆ ಹಾಕಲು ಹೂಳೆತ್ತುವವರಿದ್ದರು. ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಪದರಗಳೆಲ್ಲ ಕಲಸಿಹೋಗುತ್ತವೆ, ನನ್ನ ಮೂರು ವರ್ಷವೂ ಅದರ ಜೊತೆಗೆ. ಮುಂದೆ ನಿಂತು ಹೂಳೆತ್ತಿಸುತ್ತಿದ್ದ ಹಿರಿಯ ರೈತರಿಗೆ ಫೋನ್ ಮಾಡಿದೆ. ‘ನಿಮ್ಮ ಕೆರ್ಯಾಗ ಹಳೇ ಸುಂಕು ಅದ ಕಾಕಾ, ತೆಗ್ಯಾಕ ಬರಾಕತ್ತೇನಿ’ ಎಂದೆ. ಅವರು ತಟ್ಟನೆ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಹೋದರೆ ಕೆರೆಯ ದಾರಿಗೆ ಅಡ್ಡ ಒಂದು ಬಂಡಿ. ನೊಗಕ್ಕೆ ಚಾಚಿದ ಅದರ ಮೂಕಿಯ ಮೇಲೆ ಕಾಕಾ, ಹಿಂದೆ ಹತ್ತು ಜನ.

‘ಹೆದ್ದಾರಿ ಮ್ಯಾಲ ನಾಕಾ ಹಾಕಿದ್ದು ಸಾಲದೇನ್ರಿ ಬಾಯಿ? ನಮ್ಮ ಬಂಡಿ ದಾರಿಗೂ ಸುಂಕ ಎತ್ತಾಕ ಬಂದೀರಿ?’

ಸುಂಕು ಹೋಗಿ ಸುಂಕವಾಗಿತ್ತು. ಇಲ್ಲಿ ಹಿಂದೆ ಯಾವಾಗಲೋ ಸುಂಕದ ನಾಕಾ ಇತ್ತು, ಅದನ್ನೇ ಮತ್ತೆ ಕೂಡಿಸಲು ಬಂದಿದ್ದಾರೆ ಎಂದು ಊರೆಲ್ಲ ಸುದ್ದಿ. ನಾನು ಕುತ್ತಿಗೆ ಕೆರೆದುಕೊಂಡು ತೋರಿಸಿ, ‘ಆ ಸುಂಕ ಅಲ್ರಿ ಕಾಕಾ, ಈ ಸುಂಕು’ ಎಂದೆ. ಹಿಂದಿದ್ದವರು ನಕ್ಕರು. ಕಾಕಾ ನಗಲಿಲ್ಲ, ಆದರೆ ಬಂಡಿ ಸರಿಸಿದರು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನದೊಂದು ಮಾತು: ಊರಿನ ಪದ ಕಲಿಯಿರಿ, ಆದರೆ ಅದನ್ನು ಫೋನಿನಲ್ಲಿ ಆಡಬೇಡಿ. ಎದುರಿಗೆ ನಿಂತೇ ಆಡಿ.

ಚೌಕಾಸಿ ಆಮೇಲೆ ಶುರುವಾಯಿತು. ಹುಮನಾಬಾದ್ ಸಂತೆಯಲ್ಲಿ ಅವ್ವನ ಪಕ್ಕ ಕೂತು ಹುಣಸೆಹಣ್ಣು ಮಾರುತ್ತ ಬೆಳೆದವಳು ನಾನು. ಒಂದು ಬೇಕಿದ್ದರೆ ಮೂರು ಕೇಳಬೇಕೆಂದು ಗೊತ್ತು. ಮೂರು ದಿನ ಕೆರೆಗೆ ಯಾರೂ ಇಳಿಯಬಾರದು ಎಂದೆ. ಜೆಸಿಬಿ ಮಧ್ಯಾಹ್ನಕ್ಕೇ ಬರುತ್ತದೆ, ಆಗುವುದಿಲ್ಲ ಎಂದರು. ಹಾಗಾದರೆ ಇವತ್ತು ಸಂಜೆವರೆಗೆ ಆ ಮಡುವೊಂದನ್ನು ಬಿಟ್ಟು ಉಳಿದದ್ದೆಲ್ಲ ತೋಡಿಕೊಳ್ಳಿ ಎಂದೆ. ಒಳ್ಳೆಯ ಕರಿ ಹೂಳು ಎಷ್ಟು ಆಳದವರೆಗಿದೆ, ಮರಳು ಎಲ್ಲಿ ಶುರುವಾಗುತ್ತದೆ ಎಂದು, ಕೆಸರಿಗೆ ನೆಟ್ಟಗೆ ಇಳಿಸಿ ಪದರಗಳನ್ನು ಹಾಗೇ ಎತ್ತುವ ನನ್ನ ಪೈಪು ತೋರಿಸುತ್ತದೆ ಎಂದೂ ಸೇರಿಸಿದೆ.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಮೊದಲಿಂದ ನಿಮಗ ಸಂಜೀತನಕನ ಬೇಕಿತ್ತು. ಸಂತ್ಯಾಗ ಬೆಳದವರೇನ್ರಿ?’

‘ಹುಮನಾಬಾದ್ ಸಂತೀರಿ.’

‘ಮತ್ತ! ಸಂಜೀತನಕ ತಗೋರಿ. ಆದ್ರ ಆ ಸುಂಕು ನನಗೂ ತೋರ್ಸಬೇಕು.’

ಸಂಜೆಯೊಳಗೆ ಮಡುವಿನ ಕೆಸರು, ಒಂದು ಪದರವೂ ಕದಲದೆ, ಎರಡು ಪೈಪಿನಲ್ಲಿ ಮೇಲೆ ಬಂತು. ಮರಳು ಒಂದಾಳು ಆಳದಲ್ಲಿ ಶುರುವಾಗುತ್ತಿತ್ತು; ಜೆಸಿಬಿಯನ್ನು ಅವರು ಅಲ್ಲಿಗೇ ನಿಲ್ಲಿಸಿದರು. ಇಂದಿಗೂ ನನ್ನ ಕೆಲಸ ನಿಂತಿರುವುದು ಆ ಎರಡು ಪೈಪಿನ ಮೇಲೆಯೇ.

ಚಳಿಗಾಲಕ್ಕೆ, ಬಿಳಿಜೋಳ ಹೂವಾಡುವಾಗ, ಸೂಕ್ಷ್ಮದರ್ಶಕ ಹೊತ್ತು ಹೋದೆ. ಕೊಟ್ಟ ಮಾತು ತಪ್ಪಿದರೆ ಆ ಊರಿಗೆ ಇನ್ನೊಮ್ಮೆ ಕಾಲಿಡುವ ಹಾಗಿಲ್ಲ, ಇದು ಲೆಕ್ಕಾಚಾರವೂ ಹೌದು, ಪ್ರೀತಿಯೂ ಹೌದು. ಹೊಲದ ಬದುವಿನಲ್ಲಿ, ಕಂಬಳಿಯ ಮೇಲೆ ಸೂಕ್ಷ್ಮದರ್ಶಕ ಇಟ್ಟೆ. ಮೊದಲು ಅವರದೇ ಜೋಳದ ಸುಂಕು ತೋರಿಸಿದೆ. ಆಮೇಲೆ ಮಡುವಿನ ತಳದ್ದು. ಕಾಕಾ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರ ಎಡಗೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

‘ಇಷ್ಟು ಹಳೇದಾದ್ರೂ ತುರಸಾಕತ್ತದ ನೋಡ್ರಿ’ ಎಂದರು.