ಹೇಮಾಳ ಹಕಾರ

ಹೇಮಾ ಬಾಯಿ ತೆರೆಯುವ ಮೊದಲು ಅವಳ ಉಸಿರು ಕೇಳಿಸುತ್ತಿತ್ತು. ಮಾತಿನಲ್ಲಿ 'ಹ' ಬರುವುದಿದ್ದರೆ ಒಂದು ಗಳಿಗೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ತುಂಬಿದ ಕೊಡ ಎತ್ತುವವರ ಹಾಗೆ ಆ ಅಕ್ಷರವನ್ನು ಎತ್ತಿ ಹೊರಗಿಡುತ್ತಿದ್ದಳು. ಪಿಯುಸಿಗೆಂದು ಕೊಳ್ಳೇಗಾಲದ ಹಾಸ್ಟೆಲ್ಲಿಗೆ ಸೇರಿದ ಮೊದಲ ದಿನವೇ ಊಟದ ಸಾಲಿನಲ್ಲಿ ತಟ್ಟೆ ಚಾಚಿ, "ಸ್ವಲ್ಪ ಹನ್ನ ಬಡಿಸಿ" ಅಂದಳು. ಅಡುಗೆಯ ಪುಟ್ಟಮ್ಮಕ್ಕ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

"ಅದ್ಯಾವ್ ಒಸ ಅಡ್ಗೆ ಕಣವ್ವ? ನಂಗ್ ಮಾಡಕ್ ಬರಾಕಿಲ್ಲ. ಅನ್ನ ಅದೆ, ಇಕ್ಲಾ?"

ಸಾಲಿನಲ್ಲಿದ್ದವರೆಲ್ಲ ನಕ್ಕೆವು. ಹೇಮಾ ನಗಲಿಲ್ಲ. ಅನ್ನ ಮುಟ್ಟದೆ ಬರೀ ಮುದ್ದೆ ತಿಂದು ಎದ್ದಳು. ನಮ್ಮಿಬ್ಬರಿಗೂ ಒಂದೇ ರೂಮು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಸೀಮೆಯವರ ನಾಲಿಗೆಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ. ನಮಗೆ ಹಾಲು ಎಂದರೆ ಆಲು, ಹಬ್ಬ ಎಂದರೆ ಅಬ್ಬ. ನನ್ನ ಊರು ಹನೂರು, ಅದು ಬಸ್ಸಿನ ಬೋರ್ಡಿನ ಮೇಲೆ ಮಾತ್ರ. ಕಂಡಕ್ಟರು ಕೂಗುವುದು ಅನೂರು ಅಂತಲೇ. ಇದಕ್ಕೆಲ್ಲ ತಲೆ ಕೆಡಿಸಿಕೊಂಡವರನ್ನು ನಾನು ಕಂಡಿರಲಿಲ್ಲ. ಯಳಂದೂರಿನ ಹತ್ತಿರದ ಮಾಂಬಳ್ಳಿಯ ಈ ಹುಡುಗಿ ಕೂಡ ಮನೆಯಲ್ಲಿ ಎಲ್ಲರ ಬಾಯಲ್ಲೂ ಏಮಿಯೇ. ಹಾಗಿರುವಾಗ ಇವಳಿಗೆ ಮಾತ್ರ ಇದೇನು ಗ್ರಹಚಾರ ಎಂದು ನನಗೆ ಕುತೂಹಲ ಹತ್ತಿತು. ಕೆದಕುವುದು ನನ್ನ ಹುಟ್ಟುಗುಣ, ಕೆದಕಿದೆ.

ಕಾರಣ ಒಂದು ಅಂಕ. ಹತ್ತನೇ ತರಗತಿಯ ಕನ್ನಡದಲ್ಲಿ ಅವಳಿಗೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ನಾಲ್ಕು ಬಂದಿತ್ತು. ಉಳಿದ ಆ ಒಂದು ಎಲ್ಲಿ ಹೋಯಿತೆಂದು ಯಾರೂ ಹೇಳಿರಲಿಲ್ಲ.

"ಉತ್ತರ ಪತ್ರಿಕೆ ಜೆರಾಕ್ಸ್ ತರಿಸ್ಬೋದಿತ್ತಲ್ಲಮ್ಮಿ?" ಎಂದೆ.

"ತರಿಸಿದ ಮೇಲೆ ಹಿನ್ನೂ ಹತ್ತು ತಪ್ಪು ಕಾಣಿಸಿದರೆ?" ಅಂದಳು.

ಎಲ್ಲೋ ಒಂದು ಹಕಾರ ಬಿಟ್ಟಿರಬೇಕು ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಮುಂದೆ ಮೈಸೂರಿನಲ್ಲಿ ಬಿ.ಎ., ಬಿ.ಎಡ್. ಓದಿ ಕನ್ನಡದ ಮೇಡಂ ಆಗುವುದು ಅವಳ ಆಸೆ. "ತಪ್ಪು ಮಾತಾಡುವ ಮೇಡಂ ಹಾಗಬಾರದು ನಾನು" ಎನ್ನುತ್ತಿದ್ದಳು. ಅಂತೂ ಬಿಟ್ಟದ್ದನ್ನು ತುಂಬಿಕೊಡುವ ಆತುರದಲ್ಲಿ ಬೇಕಾದ ಕಡೆಗೂ ಬೇಡದ ಕಡೆಗೂ ಹಕಾರ ಸುರಿಯತೊಡಗಿದ್ದಳು. ಬರೆಯುವಾಗಲೂ ಒಂದಕ್ಷರ ಕೆಟ್ಟರೆ ಪುಟವನ್ನೇ ಹರಿದು ಮತ್ತೆ ಬರೆಯುವಳು. ಟೆಸ್ಟಿನಲ್ಲಿ ಎರಡು ಅಂಕ ಹೋದರೆ ಸೂತಕದ ಮನೆಯವರಂತೆ ಕೂರುವಳು. ಪಾಸಾದರೆ ಸಾಕೆಂದು ಮಾದಪ್ಪನಿಗೆ ಹರಕೆ ಹೊತ್ತ ನಾವು ಅವಳಿಗೆ ಸಮಾಧಾನ ಹೇಳಬೇಕಾಗುತ್ತಿತ್ತು.

ಎರಡನೇ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ನಿಮ್ಮ ಊರನ್ನು ವರ್ಣಿಸಿ ಗೆಳತಿಗೆ ಪತ್ರ ಬರೆಯಿರಿ ಎಂದು ಪ್ರಶ್ನೆ. ಅವಳ ಅಪ್ಪ ಊರಿನಲ್ಲಿ ಆಡು ಸಾಕಿದ್ದರು. ಕನ್ನಡದ ಮೇಷ್ಟ್ರು ಪತ್ರಿಕೆ ಹಂಚುವಾಗ ಹೆಸರು ಹೇಳದೆ ಓದಿದರು: "ನಮ್ಮ ತಂದೆಯವರು ದಿನವೂ ಹಾಡು ಮೇಯಿಸುತ್ತಾರೆ." ಕನ್ನಡಕ ತೆಗೆದು, "ಪುಣ್ಯವಂತ್ರು ಕಣ್ರವ್ವ. ಸೊಪ್ಪು ಸದೆ ಕರ್ಚಿಲ್ಲ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದಲ್ಲಿ ಹೇಮಾ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಮುದುರುತ್ತಿದ್ದಳು.

ಮುಂದಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಬೆರಗು. ಹಕಾರದಿಂದ ಶುರುವಾಗುವ ಒಂದು ಪದವನ್ನೂ ಬರೆಯಲಿಲ್ಲ. ಹಕಾರ ತಪ್ಪಿ ಬಂದು ಸೇರಿಕೊಂಡೀತು ಎಂದು ಅ, ಆ, ಇ, ಈ, ಯಾವ ಸ್ವರದಿಂದ ಶುರುವಾಗುವ ಪದವನ್ನೂ ಬರೆಯಲಿಲ್ಲ. ಅವಳ ಪ್ರಬಂಧದಲ್ಲಿ ಊರು ಗ್ರಾಮವಾಗಿತ್ತು, ಹೊಳೆ ನದಿಯಾಗಿತ್ತು, ಆನೆ ಗಜವಾಗಿತ್ತು. 'ಅವನು' ಇಲ್ಲ, 'ಒಂದು' ಇಲ್ಲ, 'ಎಂದು' ಇಲ್ಲ. ಹಾಗೆ ಬರೆಯಲು ಆಗುತ್ತದೆಯೇ ಎಂದು ನಾನೂ ಪ್ರಯತ್ನಿಸಿ ಎರಡನೇ ಸಾಲಿಗೇ ಕೈ ಚೆಲ್ಲಿದೆ. ಅವಳು ಮೂರು ಪುಟ ಬರೆದಿದ್ದಳು, ಒಂದೂ ತಪ್ಪಿಲ್ಲದೆ. ಉಳಿದ ಪತ್ರಿಕೆ ಖಾಲಿ. ಹೊತ್ತೆಲ್ಲ ಪದ ಹುಡುಕುವುದರಲ್ಲೇ ಕಳೆದಿತ್ತು. ಕ್ಲಾಸಿಗೆ ಮೊದಲಿಗಳಾಗಿದ್ದವಳು ಅಂಚಿನಲ್ಲಿ ಪಾಸಾದಳು.

ಮೇಷ್ಟ್ರು ಕರೆದು ಹೇಳಿದರು: "ಇಂಗೇ ಬರದ್ರೆ ಮೈಸೂರ್ ಸೀಟು ಮರ್ತುಬುಡು ಕಣವ್ವ. ಗೊತ್ತಿರೋದ್ನ ಬರಿ. ತಪ್ಪಾದ್ರೆ ಆಗ್ಲಿ."

'ತಪ್ಪಾದ್ರೆ ಆಗ್ಲಿ' ಎನ್ನುವುದೊಂದೇ ಅವಳ ಗಂಟಲಲ್ಲಿ ಇಳಿಯದ ಮಾತು. ಅಂದಿನಿಂದ ಮಾತಿನಲ್ಲೂ ಪದ ಆರಿಸಿ ಆಡತೊಡಗಿದಳು, ಮಾತು ದಿನದಿನಕ್ಕೂ ಕಡಿಮೆಯಾಯಿತು. ಒಂದು ಭಾನುವಾರ ನನ್ನ ಫೋನಿನಿಂದ ಮನೆಗೆ ಮಾಡಿ, "ಕ್ಷೇಮವೇ ತಾಯಿ?" ಅಂದಳು. ಸ್ಪೀಕರಿನಲ್ಲಿ ಅವಳ ಅವ್ವನ ದನಿ ಕೇಳಿಸಿತು: "ಯಾರವ್ವ ನೀನು? ನಮ್ ಏಮಿಗ್ ಕೊಡವ್ವ ಪೋನ."

"ನಾನೇ" ಅಂದಳು ಹೇಮಾ. ನಾನು ರೂಮಿನಿಂದ ಹೊರಗೆ ಬಂದುಬಿಟ್ಟೆ, ಅಲ್ಲಿ ನಿಲ್ಲಲು ನನಗಾಗಲಿಲ್ಲ.

ಆ ವರ್ಷ ನಮಗೆ ಕನ್ನಡ ಪತ್ರಿಕೆ ಕೊನೆಗೆ ಬಿದ್ದಿತ್ತು. ಹಿಂದಿನ ದಿನ ಸಂಜೆ ಅವಳ ಅವ್ವ ಹಾಸ್ಟೆಲ್ ಗೇಟಿನ ಹತ್ತಿರ ಬಂದು ನಿಂತಿದ್ದರು. ಸೆರಗು ಹೊದ್ದು, ಕೈಯಲ್ಲಿ ಡಬ್ಬಿ ಹಿಡಿದು, ಮಗಳನ್ನು ಕಂಡ ಕೂಡಲೇ ಪಾಠ ಒಪ್ಪಿಸುವವರ ಹಾಗೆ ನೆಟ್ಟಗೆ ನಿಂತು ಹೇಳಿದರು:

"ಹೇಮಾ, ಹವ್ವ ಬಂದಿವ್ನಿ ಕಣವ್ವ. ಹೊಬ್ಬಟ್ಟು ತಂದಿವ್ನಿ."

"ಯಾರು ಕಲಿಸಿದರು ನಿಂಗೆ?" ಎಂದು ಹೇಮಾ ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ ಕಣ್ಮಗ. ಬಸ್ಸಲ್ಲಿ ದಾರಿ ಉದ್ದಕ್ಕೂ ಏಳ್ಕಂಡ್ ಏಳ್ಕಂಡ್ ಬಂದಿ. ನಿನ್ ಜೊತೆ ಉಡ್ಗೀರ ಮುಂದೆ ನಿಂಗೆ ನಾಚ್ಕೆ ಆಗ್ಬಾರ್ದಲ್ಲ." ಆಮೇಲೆ ಅನುಮಾನದಿಂದ, "ತಪ್ಪಾಯ್ತಾ?" ಅಂದರು.

ಹೇಮಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಅವ್ವನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಅವರ ತೋಳಿಗೆ ಮುಖ ಒತ್ತಿ ಅತ್ತಳು. ನನಗೂ ಕಣ್ಣು ತುಂಬಿತು. ಒಬ್ಬಟ್ಟನ್ನು ಮೂವರೂ ಅಲ್ಲೇ ತಿಂದೆವು. ಅವ್ವ ಮಧುವನಹಳ್ಳಿಯ ನೆಂಟರ ಮನೆಯಲ್ಲಿ ಉಳಿದುಕೊಳ್ಳಲು ಹೊರಟರು.

ಪರೀಕ್ಷೆಯಲ್ಲಿ ಅವಳು ನನಗಿಂತ ಎರಡು ಬೆಂಚು ಮುಂದೆ. ನನ್ನದು ಬರೆಯುವುದು ಬಿಟ್ಟು ಅವಳನ್ನೇ ನೋಡಿದ್ದುಂಟು. ತಲೆ ಎತ್ತಲಿಲ್ಲ, ಕೈ ನಿಲ್ಲಲಿಲ್ಲ. ಎರಡು ಸಲ ಎದ್ದು ನಿಂತು ಹೆಚ್ಚಿನ ಹಾಳೆ ಕೇಳಿ ತೆಗೆದುಕೊಂಡಳು.

ಈಗ ಅವಳು ಮೈಸೂರಿನಲ್ಲಿದ್ದಾಳೆ. ಫಲಿತಾಂಶದ ದಿನ ಎಷ್ಟು ಬಂತೆಂದು ಮೆಸೇಜು ಮಾಡಿ ಕೇಳದೆ ಇರಲು ನನ್ನಿಂದಾಗಲಿಲ್ಲ. 'ಸೀಟಾಯ್ತು' ಎಂದಷ್ಟೇ ಬರೆದಳು. ಆಮೇಲೆ ನಾವು ಭೇಟಿಯಾಗಿಲ್ಲ. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಪರೀಕ್ಷೆಯ ಮಧ್ಯಾಹ್ನ, ಕಾಲೇಜಿನ ಗೇಟಿನಲ್ಲಿ. ಬೆಳಗಿನಿಂದ ಬಿಸಿಲಲ್ಲೇ ಕಾದಿದ್ದ ಅವ್ವ ಮಗಳನ್ನು ಕಂಡು ಎದ್ದು ಬಂದು, ಸ್ವಲ್ಪ ತಡವರಿಸಿ ಕೇಳಿದರು:

"ಹೆಂಗಾಯ್ತವ್ವ?"

ಈ ಸಲ ಅವರ ಹಕಾರ ಸರಿಯಾದ ಜಾಗದಲ್ಲೇ ಬಿದ್ದಿತ್ತು. ಹೇಮಾ ಅವರ ಕೈಯಿಂದ ಚೀಲ ತೆಗೆದುಕೊಂಡಳು.

"ಎಂಗೋ ಆಯ್ತು ಕಣವ್ವ. ಎಲ್ಲಾನೂ ಬರ್ದೆ. ನಡಿ ಓಗವ, ಒಟ್ಟೆ ಅಸೀತದೆ."