ಗೋಡೆ ಕಡೆಯ ಮಗ್ಗುಲು

ಮೂರು ತಿಂಗಳಿಂದ ನನಗೆ ಮಲಗಲು ಬರುತ್ತಿಲ್ಲ. ನಿದ್ದೆ ಬಾಗಿಲ ತನಕ ಬಂದು ನಿಂತಿರುತ್ತದೆ, ಮೈ ಇಡಲು ಜಾಗ ಸಿಗುವುದಿಲ್ಲ. ಬೋರಲು ಬಿದ್ದರೆ ಸೊಂಟ ಹಿಡಿಯುತ್ತದೆ, ಅಂಗಾತ ಆದರೆ ಕಾಲಿನ ತನಕ ಸೆಳೆತ. ಎದ್ದು ಕೂತರೂ ಸುಖವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಅಡ್ಡಾಗುವುದು ನನಗಿದ್ದ ಒಂದೇ ಚಟ, ಅದಕ್ಕೂ ಕಲ್ಲು ಬಿತ್ತು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಹಾಸಿಗೆಯ ಮೇಲೆ, ಫ್ಯಾನಿನ ಮೇಲೆ, ಹೆಂಡತಿಯ ಮೇಲೆ ಸರದಿ ಪ್ರಕಾರ ತೀರಿಸಿಕೊಂಡೆ.

ನಾನು ಭೂಮಾಪಕ. ಇಪ್ಪತ್ತು ವರ್ಷ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ, ಈಗ ಸಿಂದಗಿ ಎಂದು ಬೈಕಿನ ಮೇಲೆ ಎರೆಹೊಲದ ದಾರಿಗಳಲ್ಲಿ ಕುಲುಕಾಡಿದವನು. ನನ್ನಂಥವನ ಬೆನ್ನು ಹೋಗುವುದು ದೊಡ್ಡ ಮಾತೇನಲ್ಲ. ಆದರೆ ನಮ್ಮ ಮನೆಯಲ್ಲಿ ಯಾರು ಹೇಗೆ ಮಲಗುತ್ತಾರೆ ಎನ್ನುವುದು ಅವರವರ ಸ್ವಭಾವದ ಜಾತಕವಾಗಿತ್ತು.

ಜಾತಕ ಓದುತ್ತಿದ್ದವಳು ಅವ್ವ. ನಮ್ಮೂರು ಸಾಲೋಟಗಿಯ ಮನೆಯಲ್ಲಿ ಬೇಸಿಗೆ ಬಂತೆಂದರೆ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಅವ್ವ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಸಾಲಾಗಿ ಬಿದ್ದವರನ್ನು ಒಂದು ಸುತ್ತು ನೋಡಿ ಬರುತ್ತಿದ್ದಳು. ಬೋರಲು ಮಲಗುವವ ಹಟಮಾರಿ, ಮುದುಡಿ ಮಲಗುವವ ಪುಕ್ಕಲ, ತಲೆಯಡಿ ತೋಳಿಟ್ಟವ ಸೋಮಾರಿ. ನಾನು ಬೋರಲು ಮಲಗುತ್ತಿದ್ದೆ. ಹಟಮಾರಿ ಎಂದು ಕರೆಸಿಕೊಂಡು ಕರೆಸಿಕೊಂಡು ಹಟಮಾರಿಯೇ ಆಗಿಬಿಟ್ಟೆ.

ನನಗೆ ಹೆಣ್ಣು ನೋಡಲು ಕೊಲ್ಹಾರಕ್ಕೆ ಹೋದಾಗ ಅವ್ವ ಹುಡುಗಿಗೆ ಹಾಡು ಬರುತ್ತದೆಯೇ, ರೊಟ್ಟಿ ಬರುತ್ತದೆಯೇ ಎಂದು ಕೇಳಲಿಲ್ಲ. ಊಟ ಮುಗಿಸಿ, "ಬಿಸಲ ಭಾಳ ಐತಿ, ಜರಾ ಅಡ್ಡಾಗ್ತೇನಿ. ಬಾರವ್ವಾ, ನೀನೂ ಮಲ್ಕೋ" ಎಂದು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ನಸುಕಿನಿಂದ ಒಲೆ ಮುಂದೆ ನಿಂತಿದ್ದ ಹುಡುಗಿ ನಿಜಕ್ಕೂ ನಿದ್ದೆ ಹೋದಳಂತೆ. ಅವ್ವ ಮಾತ್ರ ಅರೆಗಣ್ಣು ತೆರೆದೇ ಇದ್ದಳು. ಬಸ್ಸಿನಲ್ಲಿ ತೀರ್ಪು ಬಂತು: "ಅಂಗಾತ ಮಲಗ್ತಾಳ. ಹೊಟ್ಟ್ಯಾಗ ಏನೂ ಮುಚ್ಚಿಟ್ಕೊಳ್ಳಾಕಿ ಅಲ್ಲ. ಮಾಡ್ಕೋ." ಮಾಡಿಕೊಂಡೆ.

ಮಗಳು ಹುಟ್ಟಿದಾಗ ಮುದ್ದೇಬಿಹಾಳದಲ್ಲಿದ್ದೆವು. ಮೇಲಂತಸ್ತಿನ ಬಾಡಿಗೆ ಮನೆ, ನೀರಿನ ನಳ ಕೆಳಗಿನ ಅಂಗಳದಲ್ಲಿ. ಆ ವರ್ಷವೇ ಹೆಂಡತಿ ಗೋಡೆ ಕಡೆ ಹೊರಳಿದಳು. ಎಡಮಗ್ಗುಲು, ಮೊಣಕಾಲು ಹೊಟ್ಟೆಗೆ, ಬೆನ್ನು ನನಗೆ. ಮೊಮ್ಮಗಳನ್ನು ನೋಡಲು ಬಂದಿದ್ದ ಅವ್ವ ನನ್ನನ್ನು ಹೊರಗೆ ಕರೆದು ಹೇಳಿದಳು: "ನಾ ಮೋಸ ಹೋದೆ. ಗ್ವಾಡಿಗೆ ಮಾರಿ ಹಾಕಿ ಮಲಗಾಕಿ ಮನಸ್ಸು ಬಿಚ್ಚಂಗಿಲ್ಲ, ನೆನಪಿಟ್ಕೋ."

ನೆನಪಿಟ್ಟುಕೊಂಡೆ. ಊರು ಬದಲಾಯಿತು, ಮನೆ ಬದಲಾಯಿತು, ಗೋಡೆ ಕಡೆಯ ಜಾಗ ಅವಳದೇ ಉಳಿಯಿತು. ಮಾತಿಗೆ ಉತ್ತರ ಕೊಡಲು ಅವಳು ಚೂರು ತಡ ಮಾಡಿದರೂ ಆ ಬೆನ್ನೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಹೊದೆಯುವ ಹಳೆಯ ಕೌದಿಯ ತುಂಡೊಂದನ್ನು ಸುರುಳಿ ಸುತ್ತಿ ಮೊಣಕಾಲ ನಡುವೆ ಇಟ್ಟುಕೊಂಡು ಮಲಗುತ್ತಿದ್ದಳು. "ಇದೇನು ಕೂಸಿನಂಗ" ಎಂದು ಚೇಷ್ಟೆ ಮಾಡಿದ್ದೇನೆ. ಜಗಳವಾಡುವವಳ ಜೊತೆ ಜಗಳವಾಡಿ ಮುಗಿಸಬಹುದು, ಬೆನ್ನು ತಿರುಗಿಸುವವಳ ಜೊತೆ ಏನು ಮಾಡುವುದು? ಹದಿನಾರು ವರ್ಷ ಒಳಗೊಳಗೇ ಮುನಿಸಿಕೊಂಡು ಸಂಸಾರ ಮಾಡಿದೆ.

ಹೋದ ಶನಿವಾರ ಡಾಕ್ಟರು ನನ್ನ ಸೊಂಟ ಒತ್ತಿ ನೋಡಿ, "ಬೋರಲು ಮಲಗೂದು ಬಿಡ್ರಿ. ಎಡಮಗ್ಗಲಾ ಮಲ್ಕೊಂಡು ಮೊಣಕಾಲ ಮಡಚ್ರಿ, ನಡುವ ಒಂದು ದಿಂಬ ಇಟ್ಕೊರಿ" ಎಂದರು. ಮರುದಿನ ರವಿವಾರ ಮಧ್ಯಾಹ್ನ ಹಾಗೇ ಮಲಗಿದೆ. ದಿಂಬು ಜಾರಿತು. ಸರಿಪಡಿಸಿದೆ, ಮತ್ತೆ ಜಾರಿತು. ಮೂರನೇ ಸಲಕ್ಕೆ ಎತ್ತಿ ಬಾಗಿಲಿಗೆ ಎಸೆದೆ.

ಗೋಡೆ ಕಡೆ ಮಲಗಿದ್ದ ಹೆಂಡತಿ ತಿರುಗಿ ನೋಡಲಿಲ್ಲ. ತನ್ನ ಕೌದಿಯ ಸುರುಳಿಯನ್ನು ಎಳೆದು ಹಿಂದಕ್ಕೆ ಚಾಚಿದಳು. "ಇದನ್ನ ಇಟ್ಕೊರಿ. ದಿಂಬ ನಿಂದ್ರಂಗಿಲ್ಲ. ಜರಾ ಮ್ಯಾಲ, ತೊಡಿ ಹತ್ರ ಇಡ್ರಿ."

ಇಟ್ಟೆ. ಸೆಳೆತ ನಿಂತಿತು. ಮೂರು ತಿಂಗಳಲ್ಲಿ ಮೊದಲ ಸಲ ಮೈ ಹಗುರಾಯಿತು, ಆದರೆ ಮನಸ್ಸು ಎದ್ದು ಕೂತಿತು. ಅವಳೂ ಎಡಮಗ್ಗುಲು, ನಾನೂ ಎಡಮಗ್ಗುಲು, ಇಬ್ಬರ ಮೊಣಕಾಲೂ ಒಂದೇ ರೀತಿ ಮಡಚಿದ್ದವು. ನನಗೆ ಹೀಗೆ ಮಲಗಲು ಕಲಿಸಿದ್ದು ನೋವು.

"ನಿನಗ ನಡಾ ನೋಯ್ತೈತೇನು?"

"ಹೌದ್ರಿ."

"ಯಾವಾಗಿಂದ?"

"ಮುದ್ದೇಬಿಹಾಳದಾಗಿಂದ. ನೀರಿನ ಕೊಡ ಹೊತ್ತು ಹೊತ್ತು ಹಿಡೀತು."

ನನಗೆ ಆಗಲೂ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. "ಮತ್ತ ಒಂದ ಸಲಾನೂ ಬಾಯಿ ಬಿಟ್ಟು ಹೇಳಲಿಲ್ಲಲ್ಲ ನೀ!"

ಆಗ ನನ್ನ ಕಡೆ ಹೊರಳಿದಳು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಭುಜ. ಅಷ್ಟು ಮಾಡಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ಅಂದೇ ನೋಡಿದ್ದು.

"ಹೇಳಿದ್ದೆರಿ. ಒಂದಿನ ನಸುಕಿನ್ಯಾಗ ನಿಮ್ಮನ್ನ ಎಬ್ಬಿಸಿ, ನಡಾ ಹಿಡದೈತಿ, ಏಳಾಕ ಬರವಲ್ದು ಅಂದೆ. ನೀವು ಕಣ್ಣ ತೆರೀಲಾರದ, ಆ ಮಗ್ಗಲಾ ಹೊಳ್ಳಿ ಮಲ್ಕೋ ಅಂದ್ರಿ. ಹೊಳ್ಳಿದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ನಸುಕು ನನಗೆ ನೆನಪಿಲ್ಲ, ಆದರೆ ಮಾತು ನನ್ನದೇ, ಗುರುತು ಸಿಕ್ಕಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ನಾನು ಹೇಳಿದ ಮಾತನ್ನು ಅವಳು ಕೇಳಿದ್ದಳು, ಅದಕ್ಕೇ ನಾನು ಹದಿನಾರು ವರ್ಷ ಮುನಿಸಿಕೊಂಡಿದ್ದೆ.